ಪಕ್ಕದ ಮನೆಯ ಪ್ರಕೃತಿ ಜೀವನ, ನಮ್ಮ ಮನೆಯ ಫ್ರಿಡ್ಜ್

ಇಲ್ಲಿ ಹತ್ರ ಕೂತ್ಕೊ ಮಾರಾಯ್ತಿ. ಇದು ಯಾರ ಹತ್ರವೂ ಹೇಳ್ಲಿಕ್ಕಿಲ್ಲ, ಗಂಡನ ಹತ್ರ ಕೂಡ. ಮುಖ್ಯ ನಿನ್ನ ಅತ್ತಿಗೆಗೆ ಗೊತ್ತಾಗ್ಲೇಬಾರ್ದು, ಅವರು ನಮ್ಮ ಮಹಿಳಾ ಮಂಡಲದ ಸೆಕ್ರೆಟರಿ ಅಲ್ವಾ, ಅದಕ್ಕೆ. ತಲೆ ಮೇಲೆ ಕೈ ಇಟ್ಟು ಹೇಳು. ಹಾಂ. ದೇರೆಬೈಲಿನಲ್ಲಿ ಇಷ್ಟು ಮನೆ ಉಂಟು, ಇಂಥದ್ದೆಲ್ಲ ಆಗುವುದು ಮಾತ್ರ ನನ್ನ ಕಂಪೌಂಡಿನ ಪಕ್ಕದಲ್ಲೇ.

ಬರುವ ಭಾನುವಾರ ಮಂಡಲದ ವಾರ್ಷಿಕೋತ್ಸವ ಗೊತ್ತುಂಟಲ್ಲ. ಇಷ್ಟು ವರ್ಷ ಅಡುಗೆ ಮಾಡ್ಲಿಕ್ಕೆ ನಾನೇ. ಕೊನೆಗೆ ಸ್ಟೇಜಿಗೆ ಕರೆದು ಒಂದು ಹೂ ಕೊಡ್ತಾರೆ. ಶಾಲೆ ಅರ್ಧಕ್ಕೆ ಬಿಟ್ಟವಳಿಗೆ ಸ್ಟೇಜ್ ಹತ್ಲಿಕ್ಕೆ ಇರುವ ಮೆಟ್ಟಿಲು ಅದೊಂದೇ. ಈ ವರ್ಷ ಅದೂ ಹೋಯ್ತು. ಹೇಗೆ ಹೋಯ್ತು ಅಂತ ಕೇಳು.

ಫ್ರಿಡ್ಜ್ ಹೋದದ್ದು

ಪಕ್ಕದ ಮನೆ ಅಕ್ಕನಿಗೆ ಗ್ಯಾಸ್ಟ್ರಿಕ್. ಡಾಕ್ಟ್ರು ಹೇಳಿದ್ದು ಇಷ್ಟೇ, ರಾತ್ರಿ ಬೇಗ ಉಣ್ಣಿ, ಸ್ವಲ್ಪ ನಡೀರಿ. ಅಷ್ಟು ಸುಲಭದ್ದು ಹೇಳಿದ್ರೆ ಯಾರಾದ್ರೂ ಕೇಳ್ತಾರಾ? ಅವರು ಎಲ್ಲಿಗೋ ಪ್ರಕೃತಿ ಶಿಬಿರಕ್ಕೆ ಹೋದರು. ಬಂದವರೇ ಮೊದಲು ಮಾಡಿದ್ದು ಫ್ರಿಡ್ಜನ್ನು ಉಳ್ಳಾಲದ ತಮ್ಮನ ಮನೆಗೆ ಕಳಿಸಿದ್ದು. ಫ್ರಿಡ್ಜಿನಲ್ಲಿ ಇಟ್ಟದ್ದು ಸತ್ತ ಊಟ ಅಂತೆ. ಇನ್ನು ಅವರ ಮನೆಯಲ್ಲಿ ಜೀವ ಇರುವ ಊಟ ಮಾತ್ರ. ಅವರ ಯಜಮಾನರು, ಗಲ್ಫಿನಲ್ಲಿ ಇದ್ದು ಬಂದವರು, ಟೆಂಪೋ ಹಿಂದೆ ಗೇಟಿನವರೆಗೆ ಹೋಗಿ ನಿಂತರು. ಮದುವೆ ಮಾಡಿ ಮಗಳನ್ನು ಕಳಿಸುವಾಗ ಕೂಡ ಅಷ್ಟು ಬೇಜಾರು ಮಾಡಿರ್ಲಿಕ್ಕಿಲ್ಲ.

ನಾನು ಒಳ್ಳೇದೇ ಅಂತ ತಿಳ್ಕೊಂಡೆ. ನನ್ನ ಅಮ್ಮನಿಗೆ ಫ್ರಿಡ್ಜ್ ಎಲ್ಲಿತ್ತು? ಅಂದಿನದ್ದು ಅಂದೇ ಮಾಡಿ ಉಂಡು ಗಟ್ಟಿಯೇ ಇದ್ದರು. ಆದ್ರೆ ಅದೇ ಸಂಜೆ ಬೆಲ್ ಆಯ್ತು. ಅಕ್ಕ, ಕೈಯಲ್ಲಿ ದೋಸೆ ಹಿಟ್ಟಿನ ಪಾತ್ರೆ. "ಬೆಳಿಗ್ಗೆವರೆಗೆ ಇಟ್ಕೊಳ್ತೀಯಾ? ಹುಳಿ ಬಂದ್ರೆ ಇವರು ತಿನ್ನುವುದಿಲ್ಲ. ಮಂಡಲದವರಿಗೆ ಮಾತ್ರ ಹೇಳ್ಬೇಡ."

ಮರುದಿನ ಮೊಸರು. ಆಮೇಲೆ ಬಂಗುಡೆ ಮೀನು, ಮಸಾಲೆ ಹಚ್ಚಿದ ಕೋಳಿ. ಕೊನೆಗೆ ನನ್ನ ಫ್ರಿಡ್ಜಿನೊಳಗೆ ನನ್ನದು ಅಂತ ಉಳಿದದ್ದು ಬಲ್ಬು ಮಾತ್ರ.

ಕಲ್ಲು

ಆಮೇಲೆ ಅವರ ಮಿಕ್ಸಿಯೂ ಹೋಯ್ತು. ಅದರ ಬಿಸಿಗೆ ತೆಂಗಿನಕಾಯಿಯ ಸತ್ವ ಸಾಯ್ತದಂತೆ. ಆಳು ಮಾಡಿ ಕಡೆಯುವ ಕಲ್ಲು ತರಿಸಿದರು. ಸುಳ್ಳು ಯಾಕೆ ಹೇಳ್ಬೇಕು, ಕಲ್ಲಿನಲ್ಲಿ ಕಡೆದ ಮಸಾಲೆಯ ರುಚಿಯೇ ಬೇರೆ, ಸೊಂಟಕ್ಕೂ ಒಳ್ಳೇದು. ಅಕ್ಕ ಸೆರಗು ಸಿಕ್ಕಿಸಿ ಕೂತು ಕಡೆದರು, ಸ್ಟೇಟಸ್‌ಗೆ ಫೋಟೋ ಆಗುವಷ್ಟು. ಮರುದಿನ ಕಂಪೌಂಡಿನ ಮೇಲಿಂದ ತಲೆ ಬಂತು, ನಿನ್ನ ಮಿಕ್ಸಿ ಖಾಲಿ ಉಂಟಾ ಅಂತ.

"ಕಲ್ಲಿಗೆ ಎಂತ ಆಯ್ತು ಅಕ್ಕ?"

"ತೊಳೆದಿಟ್ಟಿದ್ದೇನೆ, ಒದ್ದೆ ಉಂಟು."

ನಮ್ಮ ಮಂಗಳೂರಿನ ಸೆಕೆಗೆ ಮನುಷ್ಯರೇ ಒಣಗಿ ಹೋಗ್ತಾರೆ. ಆ ಕಲ್ಲು ಮಾತ್ರ ಇವತ್ತಿನವರೆಗೆ ಒಣಗ್ಲಿಲ್ಲ.

ಯಜಮಾನರ ವಾಕಿಂಗ್

ಒಂದು ಬೆಳಿಗ್ಗೆ ನಾನು ತಂಗಳು ಗಂಜಿಗೆ ಉಪ್ಪಿನಕಾಯಿ ಹಾಕಿ ಉಣ್ಣುವಾಗ ಅಕ್ಕ ಬಂದರು. ಅದರಲ್ಲಿ ಹೊಟ್ಟೆಗೆ ಒಳ್ಳೇದು ಮಾಡುವ ಹುಳ ಉಂಟು ಅಂದರು. ನಾನು ಬಟ್ಟಲು ಬಗ್ಗಿಸಿ ನೋಡಿದೆ, ನನಗೆ ಎಂತದೂ ಕಾಣ್ಲಿಲ್ಲ. ಅದನ್ನೇ ಅವರು ಮಂಡಲದಲ್ಲಿ ಭಾಷಣ ಮಾಡಿದರು, ಎಲ್ಲ ಚಪ್ಪಾಳೆ. ನಾನು ಹುಟ್ಟಿದಾಗಿನಿಂದ ಉಣ್ಣುವುದು ಅದನ್ನೇ, ಒಬ್ಬಳಾದ್ರೂ ಕೈ ತಟ್ಟಿದ್ದುಂಟಾ?

ಅಂದಿನಿಂದ ಅವರ ಯಜಮಾನರಿಗೆ ಎರಡು ಹೊತ್ತು ಚಪ್ಪೆ ಗಂಜಿ, ಸಂಜೆ ವಾಕಿಂಗ್. ಪಾಪ, ತಪ್ಪದೆ ಹೋಗ್ತಾರೆ. ಅವರ ಗೇಟಿನಿಂದ ಹೊರಟು ನನ್ನ ಅಡುಗೆಮನೆಯ ಹಿಂದಿನ ಬಾಗಿಲಿನವರೆಗೆ. ಗೋಳಿಬಜೆ ತಿಂದು, ಬಾಯಿ ಒರೆಸಿ, ಸುಸ್ತಾದವರ ಹಾಗೆ ಉಸಿರು ಬಿಡ್ತಾ ಮನೆಗೆ ವಾಪಸ್. ವಾಕಿಂಗ್ ಮಾಡಿ ಮಾಡಿ ತೂಕ ಏರಿದ ಮನುಷ್ಯ ಇಡೀ ಊರಿನಲ್ಲಿ ಅವರೊಬ್ಬರೇ.

ಅಡುಗೆಮನೆ ನೋಡ್ಲಿಕ್ಕೆ ಬಂದದ್ದು

ಮಂಡಲಕ್ಕೆ ಈ ಸಲ ಆರೋಗ್ಯದ ಊಟ ಬೇಕಂತೆ. ಅಡುಗೆ ನನಗಾ ಅಕ್ಕನಿಗಾ ಅಂತ ನೋಡ್ಲಿಕ್ಕೆ ನಿನ್ನ ಅತ್ತಿಗೆ ಇನ್ನಿಬ್ಬರನ್ನು ಕಟ್ಕೊಂಡು ಬಂದರು. ಅಕ್ಕನ ಮನೆಯಲ್ಲಿ ತಾಮ್ರದ ಕೊಡ, ಮಣ್ಣಿನ ಪಾತ್ರೆ, ಕಲ್ಲಿನ ಮೇಲೆ ಒಂದು ದಾಸವಾಳ. ಮತ್ತೆ ಎಲ್ಲರೂ ನನ್ನಲ್ಲಿಗೆ, ಅಕ್ಕ ಮುಂದೆ. ಫ್ರಿಡ್ಜಿನ ಬಾಗಿಲು ತೆಗೆದದ್ದೂ ಅವರೇ, ಅಭ್ಯಾಸ ಅಲ್ವಾ.

ಒಳಗೆ ಕೋಲಾ ಬಾಟಲಿ, ಪ್ಯಾಕೆಟ್ ಪರೋಟ, ಕೋಳಿ, ಗಡ್‌ಬಡ್ ಐಸ್‌ಕ್ರೀಮಿನ ಪಾರ್ಸೆಲ್. ಎಲ್ಲ ಅವರದ್ದೇ. ಅಕ್ಕ ಅವುಗಳನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವರ ಹಾಗೆ ನೋಡಿ, "ರೋಗ ಮನೆಯೊಳಗೆ ಬರುವುದು ಹೀಗೆ. ಇವಳಿಗೆ ನಾನು ಎಷ್ಟು ಸಲ ಹೇಳಿದ್ದೇನೆ" ಅಂದರು.

ನನ್ನ ಫ್ರಿಡ್ಜಿನಲ್ಲಿ ಇದ್ದದ್ದು ನನ್ನದಲ್ಲ ಅಂದ್ರೆ ಯಾರು ನಂಬ್ತಾರೆ? ನಿನ್ನ ಅತ್ತಿಗೆ ನನ್ನ ಬೆನ್ನು ಸವರಿ, ನಿಧಾನಕ್ಕೆ ಬಿಡ್ಲಿಕ್ಕೆ ಪ್ರಯತ್ನ ಮಾಡಿ ಅಂದರು, ಕುಡುಕರಿಗೆ ಹೇಳಿದ ಹಾಗೆ. ಅಡುಗೆ ಅಕ್ಕನಿಗೆ ಆಯ್ತು.

ಅವರು ಗೇಟು ದಾಟಿದ್ದೇ ತಡ, ಅಕ್ಕ ವಾಪಸ್ ಬಂದರು. ಕ್ಷಮೆ ಕೇಳ್ಲಿಕ್ಕೆ ಅಂತ ಮಾಡಿದೆ ನಾನು.

"ಆ ಗಡ್‌ಬಡ್ ಬೇಗ ಕೊಡು. ಬಾಗಿಲು ಅಷ್ಟು ಹೊತ್ತು ತೆಗೆದಿಟ್ಟದ್ದು, ಕರಗಿ ಹೋಗಿರ್ತದೆ."

ನಿನ್ನೆ

ನಿನ್ನೆ ಪುನಃ ಬಂದರು, ಮುಖ ಬಾಡಿತ್ತು. ಅಷ್ಟು ಜನಕ್ಕೆ ಅಡುಗೆ ಮಾಡಿ ಅವರಿಗೆ ಗೊತ್ತಿಲ್ಲ. ಮಿಕ್ಸಿ ಇಲ್ಲ, ಕಲ್ಲು ಒದ್ದೆ. ಹಾಗಾಗಿ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ ಪದಾರ್ಥ ಎಲ್ಲ ನಾನೇ ಮಾಡಿ ಕೊಡ್ಬೇಕಂತೆ. ನಾನು ದಿನಾ ಮಾಡುವುದೇ ಅದು, ಈಗ ಅದಕ್ಕೆ ಆರೋಗ್ಯದ ಊಟ ಅಂತ ಹೆಸರು. ಹಿಂದಿನ ಬಾಗಿಲಿನಿಂದ ಅವರು ಕೊಂಡುಹೋಗುವುದಂತೆ.

"ಸ್ಟೇಜಿಗೆ ನಾನೇ ಹೋಗ್ತೇನೆ. ನಿನಗೆ ಪೊಕ್ಕಡೆ, ಸುಮ್ಮನೆ ಉಪದ್ರ ಬೇಡ" ಅಂದರು.

ಆಯ್ತು ಅಂದೆ. ಯಾರಿಗೂ ಹೇಳುವುದಿಲ್ಲ ಅಂತ ತಲೆ ಮೇಲೆ ಕೈ ಇಟ್ಟು ಹೇಳಿದ್ದೇನೆ. ಅವರ ತಲೆ ಮೇಲೆ.

ಹಾಗಾಗಿ ನೀನು ಅತ್ತಿಗೆಗೆ ಹೇಳ್ಬೇಡ. ಹೇಳದೆ ಇರ್ಲಿಕ್ಕೆ ಆಗುವುದೇ ಇಲ್ಲ ಅಂತಾದ್ರೆ ಭಾನುವಾರದ ಮೊದಲೇ ಹೇಳಿ ಮುಗಿಸು. ಹೂ ಕೊಟ್ಟ ಮೇಲೆ ಹೇಳಿ ಎಂತ ಪ್ರಯೋಜನ? ನೀನು ಇವತ್ತೇ ಅತ್ತಿಗೆ ಮನೆಗೆ ಹೋಗುವುದಲ್ವಾ, ಮತ್ತೆ...

ಶ್ಶ್. ಗೇಟಿನ ಸದ್ದು. ಅವರೇ, ಕೈಯಲ್ಲಿ ಪಾತ್ರೆ ಉಂಟು.

ಬನ್ನಿ ಅಕ್ಕ, ಬನ್ನಿ, ಫ್ರಿಡ್ಜಿನ ಮೇಲಿನ ತಟ್ಟೆ ಖಾಲಿ ಮಾಡಿಟ್ಟಿದ್ದೇನೆ. ಎಂತ ಇಲ್ಲ, ನಾವು ಹೀಗೇ ಆರೋಗ್ಯದ ವಿಷಯ ಮಾತಾಡ್ತಾ ಇದ್ದೆವು.