ತಂಗಿಯ ಎಡಗೆನ್ನೆ

ಇದನ್ನು ಬರೆಯಲೆಂದು ಎಷ್ಟೋ ಸಲ ಪೆನ್ನು ಹಿಡಿದು, ಚಹಾ ಕುಡಿದು ಎದ್ದುಹೋಗಿದ್ದೇನೆ. ಇವತ್ತು ಚಹಾ ಬೇಡವೆಂದು ಹೇಳಿಯೇ ಕೂತಿದ್ದೇನೆ.

ನನ್ನ ತಂಗಿಗೆ ಇರುವುದು ಅರ್ಧವೇ ಮುಖ! ಇನ್ನರ್ಧ ಇಲ್ಲವೆಂದಲ್ಲ, ತೋರಿಸುವುದಿಲ್ಲ. ಎಡಗೆನ್ನೆಯಲ್ಲಿ ಹುಣಸೆಬೀಜ ಕೂರುವಷ್ಟು ಕುಳಿ. ಬಸ್ಸಿನಲ್ಲಿ ಎಡಗಡೆ ಕಿಟಕಿ ಸಿಗದಿದ್ದರೆ ಮುಂದಿನ ಬಸ್ಸು! ಮದುವೆಯ ಫೋಟೋದಲ್ಲಿ ಗಂಡ ಕ್ಯಾಮೆರಾ ನೋಡಿದರೆ ಇವಳು ಹಂದರದ ಕಂಬ ನೋಡುತ್ತಿದ್ದಾಳೆ. "ಕಂಬದ ಜೋಡಿ ಲಗ್ನ ಆಗ್ಯಾಳ!" ಎಂದು ನಾನೇ ಎಷ್ಟು ಜನರನ್ನು ನಗಿಸಿಲ್ಲ?

ಅಂಥವಳು ಹೋದ ವರ್ಷ ಬಬಲೇಶ್ವರದಿಂದ ತಿಕೋಟಾದ ನಮ್ಮ ಮನೆಗೆ ಬಂದಳು.

"ಯಣ್ಣಾ, ವಿಜಾಪುರದಾಗ ಸೂಜಿಲೇ ಗಲ್ಲ ತುಂಬ್ತಾರಂತ. ಸಾಯೂದ್ರಾಗ ಒಂದ್ ಫೋಟೋ ನೆಟ್ಟಗ ಮಾರಿ ಮಾಡಿ ತಗಸ್ಕೋಬೇಕು, ನಡಿ."

"ಈ ವಯಸ್ಸಿನ್ಯಾಗ ಯಾರಿಗ್ ತೋರಸ್ತೀಬೇ?"

"ನನಗ! ನನ್ನ ಕನ್ನಡಿ ನೀ ನೋಡ್ತೀಯೇನು?"

ವಿಜಾಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಅಜ್ಜಿ, ಇದು ಹೆಂಗಾತ್ರಿ?"

"ಸಣ್ಣಾಕಿದ್ದಾಗ ಕಟ್ಟಿಮ್ಯಾಲಿಂದ ಬಿದ್ದೆರಿ."

ನಾನು ಫ್ಯಾನು ನೋಡಿದೆ.

ಚರ್ಮದೊಳಗೆ ಜೆಲ್ ಇಳಿದಂತೆಲ್ಲ ಕುಳಿ ಮೇಲೆದ್ದಿತು, ಗಾಳಿ ಹೊಡೆದ ಟ್ಯೂಬಿನಂತೆ! "ಎರಡು ವಾರ ಗಲ್ಲ ಯಾರೂ ಒತ್ತಬಾರದ್ರಿ. ವರ್ಷದಾಗ ಕರಗ್ತದ, ಮತ್ತ ತುಂಬಸ್ಬೇಕು."

ಒತ್ತಬಾರದಂತೆ! ನಮ್ಮ ಕಡೆಯ ಹೆಂಗಸರು ಸುಮ್ಮನಿದ್ದಾರೆಯೇ? ಚಂದದ ಕೆನ್ನೆ ಕಂಡರೆ ಎರಡೂ ಕೈಯಿಂದ ಸವರಿ, ಲಟಿಕೆ ಮುರಿದು ದೃಷ್ಟಿ ತೆಗೆಯದೆ ಬಿಡುವವರಲ್ಲ. ತಂಗಿ ತನ್ನ ಮಗನ ಹೆಲ್ಮೆಟ್ ಹಾಕಿಕೊಂಡೇ ಬಾಗಿಲಲ್ಲಿ ಕೂತು ಬದನೆಕಾಯಿ ಕೊಂಡಳು.

"ಯವ್ವಾ, ಗಾಡಿ ಎಲ್ಲೈತಿ?" ಎಂದಳು ಮಾರುವವಳು.

"ಎಣ್ಣಿ ಕುಡ್ಯಾಕ ಹೋಗೇತಿ. ನೀ ತೂಗ!"

ಎರಡು ವಾರವಾದ ಮೇಲೆ ಗೋಳಗುಮ್ಮಟದ ಹತ್ತಿರದ ಸ್ಟುಡಿಯೊದಲ್ಲಿ ಫೋಟೋ ತೆಗೆಸಿದೆವು. ಬುದ್ಧಿ ಬಂದ ಮೇಲೆ ಮೊದಲ ಸಲ, ಆ ಫೋಟೋದಲ್ಲಿ, ಅವಳು ನೇರ ನನ್ನ ಕಡೆಗೇ ನೋಡುತ್ತಿದ್ದಂತಿತ್ತು.

"ಚಂದ ಬಂದೀನಿಲ್ಲೋ ಯಣ್ಣಾ?"

"ಹೂಂ" ಎಂದೆ. ಅಷ್ಟೇ.

ಅವಳು ಕಟ್ಟೆಯಿಂದ ಬಿದ್ದೇ ಇರಲಿಲ್ಲ. ನನ್ನ ಬುಗುರಿಯನ್ನು ಬಚ್ಚಿಟ್ಟಳೆಂದು ಕಸಿದುಕೊಂಡು ಅವಳತ್ತಲೇ ಬೀಸಿ ಒಗೆದಿದ್ದೆ. ಮೊಳೆ ಕೆನ್ನೆಗೆ ನೆಟ್ಟಿತು. ಅಪ್ಪ ಬಾರುಕೋಲು ಹಿಡಿದು ಬಂದಾಗ ಆ ಪುಟ್ಟ ಹುಡುಗಿ ರಕ್ತ ಒರೆಸಿಕೊಳ್ಳುತ್ತ, "ಕಟ್ಟಿಮ್ಯಾಲಿಂದ ಬಿದ್ದೆ" ಎಂದಳು. ಆಮೇಲೆ ಯಾರು ಕೇಳಿದರೂ ಅದೇ ಮಾತು, ಗಂಡನಿಗೂ.

ಸ್ಟುಡಿಯೊದಲ್ಲೇ ತಪ್ಪೊಪ್ಪಿಕೊಳ್ಳಬೇಕೆಂದಿದ್ದೆ. ಆದರೆ ಕುಳಿಯೇ ಇಲ್ಲ, ಯಾವುದನ್ನು ತೋರಿಸಿ ಕ್ಷಮೆ ಕೇಳಲಿ? ಹೇಗೂ ಜೆಲ್ ಕರಗುತ್ತದಲ್ಲ, ಆಗ ಹೇಳಿದರಾಯಿತೆಂದುಕೊಂಡೆ. ನನ್ನಂಥ ಹೇಡಿ ಇನ್ನೊಬ್ಬನಿದ್ದಾನೆಯೇ!

ಈಗ ಕರಗಿದೆ. ನಾಳೆ ಮತ್ತೆ ತುಂಬಿಸಲು ಹೋಗುತ್ತಿದ್ದಾಳೆ, ಜೊತೆಗೆ ನಾನೇ ಬೇಕಂತೆ. ಡಾಕ್ಟರಮ್ಮ ಸೂಜಿ ಹಿಡಿಯುವ ಮೊದಲು ಹೇಳಿಬಿಡಬೇಕು.

ತಪ್ಪಾತು, ನೀಲವ್ವಾ.