ಪ್ರಕೃತಿಯ ಬೇಸಿಗೆ ರಜೆ ಮತ್ತು ಆಂಜನೇಯನ ಕಡತ

೨೦೦೬ರ ಬೇಸಿಗೆಯಲ್ಲಿ ದೆಹಲಿಯ ನಮ್ಮ ಜನಕಪುರಿ ಕನ್ನಡ ಭಜನಾ ಮಂಡಳಿಯು ಆಂಜನೇಯ ಸ್ವಾಮಿಗೆ ಒಟ್ಟು ಒಂದು ಪ್ರಶ್ನೆಯನ್ನು ಸಲ್ಲಿಸಿತು. ಸ್ವಾಮಿಯ ಕೃಪೆ, ಉತ್ತರವೂ ಬಂದಿದೆ. ಕಾರ್ಯದರ್ಶಿಯಾದ ನಾನು ಅದನ್ನು ಭಕ್ತಿಪೂರ್ವಕವಾಗಿ ದಾಖಲಿಸುತ್ತಿದ್ದೇನೆ.

ಪ್ರಶ್ನೆ ನಮ್ಮ ಸದಸ್ಯ ಇಂದುಶೇಖರರ ಮಗಳು ಪ್ರಕೃತಿಯದು. ಇಂಜಿನಿಯರಿಂಗ್ ಓದುವ ಹುಡುಗಿ. ಮಾನೇಸರಿನ ಗೇರ್ ಕಾರ್ಖಾನೆಯಲ್ಲಿ ರಜೆಯ ಕೆಲಸ ಸಿಕ್ಕಿತ್ತು; ಸಂಬಳ ಉಂಟು, ಸರ್ಟಿಫಿಕೇಟ್ ಇಲ್ಲ. ಹೌಜ್ ಖಾಸಿನ ಕಂಪನಿಯಲ್ಲಿ ಇಂಟರ್ನ್‌ಶಿಪ್. ಸರ್ಟಿಫಿಕೇಟ್ ಉಂಟು, ಸಂಬಳ ಇಲ್ಲ. ಸೋಮವಾರದೊಳಗೆ ತಿಳಿಸಬೇಕು.

"ಅಂಕಲ್, ನಂಗೆ ಮಾನೇಸರ್ರೇ ಬೇಕು. ಮಶೀನ್ ಮುಟ್ಟಬೇಕು, ಬಸ್, ಅಷ್ಟೇ," ಎಂದಳು ನನಗೆ.

"ಹೂ ಪ್ರಸಾದ ಕೇಳೋಣ. ಬಲಕ್ಕೆ ಬಿದ್ದರೆ ಮಾನೇಸರ್, ಎಡಕ್ಕೆ ಬಿದ್ದರೆ ಹೌಜ್ ಖಾಸ್," ಎಂದರು ತಾಯಿ ರತ್ನಮ್ಮ.

"ಹಾಗೆ ನೇರವಾಗಿ ಕೇಳೋಕಾಗುತ್ತೇನಮ್ಮಾ?" ಎಂದರು ಮಂಡಳಿಯ ಅಧ್ಯಕ್ಷರೂ ನಿವೃತ್ತ ಅಧೀನ ಕಾರ್ಯದರ್ಶಿಗಳೂ ಆದ ದೇವೇಂದ್ರಪ್ಪನವರು. "ಸ್ವಾಮಿ ಅಂದ್ರೆ ಎಲ್ಲರಿಗಿಂತ ಮೇಲಿನ ಅಧಿಕಾರಿ. ಕಡತ ಕೆಳಗಿನಿಂದ ಹೋಗಬೇಕು."

ನಿಜವಲ್ಲವೇ? ಕಡತ ತೆರೆದೆವು. ಹದಿನಾಲ್ಕು ಮಂದಿ ಸದಸ್ಯರೂ ಟಿಪ್ಪಣಿ ಬರೆಯಬೇಕು. ಮಂಡಳಿಗೆ ಪ್ಯೂನ್ ಇಲ್ಲದ್ದರಿಂದ ಮನೆಮನೆಗೆ ಪ್ರಕೃತಿಯೇ ಒಯ್ದಳು. ಲೀಲಾ ಅವರು "ಚರ್ಚಿಸಿ" ಎಂದು ಬರೆದರು. ಗುಂಡಣ್ಣನವರು ಹೂವಿನ ಬಣ್ಣ ನಮೂದಾಗಿಲ್ಲವೆಂದು ಮರಳಿಸಿದರು. ಪದ್ಮಾ ಅವರು ಸರ್ಕಾರಿ ಖರ್ಚಿನ ಎಲ್‌ಟಿಸಿ ಪ್ರವಾಸದಲ್ಲಿ ತಿರುಪತಿಗೆ ಹೋಗಿದ್ದರಿಂದ ಕಡತ ಹದಿನೆಂಟು ದಿನ ಅವರ ಬಾಗಿಲಲ್ಲಿ ಕಾಯಿತು. ಅವರು ಅದನ್ನು ಜೊತೆಗೆ ಒಯ್ಯುವಂತಿರಲಿಲ್ಲ. ತಿರುಪತಿ ಬೇರೆ ದೇವರ ವ್ಯಾಪ್ತಿ.

"ಪಪ್ಪಾ, ಸೋಮವಾರ ಹೋಗೇಬಿಡ್ತು!"

"ಹೋಗಲಿ ಬಿಡು ಮಗೂ, ಕಡತ ಮುಂದೆ ಹೋಗ್ತಾ ಇದೆಯಲ್ಲ," ಎಂದರು ಇಂದುಶೇಖರರು.

ಜುಲೈ ಹನ್ನೆರಡರಂದು ಸ್ವಾಮಿಯ ಮುಂದೆ ಕಡತ ಇಟ್ಟೆವು. ಮಂಗಳಾರತಿ ಇನ್ನೂ ಮುಗಿದಿರಲಿಲ್ಲ, ಹೂ ಬಲಕ್ಕೆ ಬಿತ್ತು. ಮಾನೇಸರ್! ಎಂಟು ವಾರದ ಕಡತಕ್ಕೆ ಸ್ವಾಮಿ ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಆದರೆ ಅಲ್ಲಿ ಆಗಲೇ ಬೇರೆ ಹುಡುಗ ಸೇರಿದ್ದ; ಕಾಲೇಜು ನಾಡಿದ್ದು ತೆರೆಯುತ್ತಿತ್ತು. ಹುಡುಗಿ ಅತ್ತಳು.

"ಅಳಬೇಡ ಪುಟ್ಟಾ," ಎಂದು ದೇವೇಂದ್ರಪ್ಪನವರು ಆಕೆ ಎಂಟು ವಾರ ಕಡತ ಸಾಗಣೆಯಲ್ಲಿ ಇಂಟರ್ನ್‌ಶಿಪ್ ಮುಗಿಸಿದ್ದಾಳೆಂದು ಸರ್ಟಿಫಿಕೇಟ್ ಬರೆದು ದುಂಡು ಮೊಹರು ಒತ್ತಿದರು. ಕಾಲೇಜಿನವರು ಮೊಹರು ನೋಡಿ ಪೂರ್ತಿ ಅಂಕ ಕೊಟ್ಟರು.

ಮುಂದಿನ ಬೇಸಿಗೆಗೆ ಇಂಟರ್ನ್‌ಶಿಪ್ ಕೋರಿ ಮಂಡಳಿಗೆ ಹನ್ನೊಂದು ಅರ್ಜಿಗಳು ಬಂದಿವೆ. ಆಯ್ಕೆಯ ಹೊಣೆ ಪ್ರಕೃತಿಯದೇ. ಒಬ್ಬ ಹುಡುಗ ನೇರವಾಗಿ ಅವಳನ್ನೇ ಕೇಳಿದನಂತೆ. "ಅಚ್ಛಾ? ಕೆಳಗಿನಿಂದ ಬಾ," ಅಂದಳಂತೆ.

ಸ್ವಾಮಿಯ ಉತ್ತರವನ್ನು "ನೋಡಲಾಗಿದೆ" ಎಂದು ಬರೆದು ಕಡತಕ್ಕೆ ಸೇರಿಸಿದ್ದೇವೆ.