ಹೋಳಿಗೆ ತಿಂದ ಕೌದಿಗಳ ಬಿಲ್ಲು

ಪಲ್ಲವಿ, ಸಂಜು, ನಿಮ್ಮ ಅಜ್ಜಿಗೆ ಸಿಟ್ಟೇ ಬರುವುದಿಲ್ಲ ಎಂದು ನೀವು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗುತ್ತೀರಂತೆ. ಶುದ್ಧ ಸುಳ್ಳು! ನನಗೆ ಬರುವಷ್ಟು ಸಿಟ್ಟು ಇಡೀ ನವನಗರದಲ್ಲಿ ಯಾರಿಗೂ ಬರುವುದಿಲ್ಲ. ಅದು ಗಂಟಲಿನವರೆಗೆ ಬರುತ್ತದೆ, ಹೊರಗೆ ಯಾರಿದ್ದಾರೆಂದು ಇಣುಕಿ ನೋಡುತ್ತದೆ, ನಾಚಿಕೊಂಡು ಒಳಗೆ ಹೋಗುತ್ತದೆ. ನಿಮ್ಮ ಅಜ್ಜ ಇರುವ ತನಕ ಹೊರಗಿನ ಮಾತೆಲ್ಲ ಅವರೇ ಆಡುತ್ತಿದ್ದರು. ಅವರು ಹೋದ ಮೇಲೆ, ಕೊಳೆತ ಬದನೆಕಾಯಿ ತೂಗಿ ಕೊಟ್ಟವನಿಗೂ "ಛಲೋ ಅದಾವ್ರಿ" ಎಂದು ಹೇಳಿ ಬಂದವಳು ನಾನು. ಹಾಗೆ ನುಂಗಿಟ್ಟ ಸಿಟ್ಟೆಲ್ಲ ಮೊನ್ನೆ ಒಂದು ಬಿಲ್ಲಿನ ಸಲುವಾಗಿ ಹೊರಗೆ ಬಂತು. ನಿಮ್ಮ ಅಪ್ಪ ಅದನ್ನು ತನ್ನ ರೀತಿಯಲ್ಲಿ ಹೇಳಿ ನಗುವ ಮೊದಲು ನಾನೇ ಬರೆದಿಡುತ್ತೇನೆ.

ನಾನು, ಮಗ್ಗುಲ ಮನೆಯ ಗಂಗವ್ವ, ಇನ್ನಿಬ್ಬರು ಸೇರಿ ಬಟ್ಟೆಯ ತುಂಡು ಜೋಡಿಸಿ ಹೊದೆಯುವ ಕೌದಿ ಹೊಲಿಯುವುದು ನಿಮಗೆ ಗೊತ್ತು. ಧಾರವಾಡದ ಒಂದು ಹೊಸ ಹೋಟೆಲಿನವರು ತಮ್ಮ ಕೋಣೆಗಳಿಗೆಂದು ಇಪ್ಪತ್ತು ಕೌದಿ ಕೇಳಿದರು. ಹನ್ನೆರಡು ಸಣ್ಣವು, ಎಂಟು ದೊಡ್ಡವು. ಮೂರು ತಿಂಗಳು ಬೆನ್ನು ಬಗ್ಗಿಸಿ ಹೊಲಿದು ಕಳಿಸಿದೆವು. ಅಲ್ಲಿಯ ಲೆಕ್ಕದ ಹುಡುಗ ಪ್ರಶಾಂತ ಎಂಬವನು ಫೋನು ಮಾಡಿದ.

"ಅಮ್ಮಾರ, ಕೌದಿ ಬಂದಾವ್ರಿ. ಶನಿವಾರದೊಳಗ ಬಿಲ್ ಕೊಟ್ರ ಈ ತಿಂಗಳ ರೊಕ್ಕ ಹಾಕ್ತೇವ್ರಿ. ತಪ್ಪಿದ್ರ ಎರಡ ತಿಂಗಳ ಆಗತದ."

ಎರಡು ತಿಂಗಳು! ಗಂಗವ್ವನ ಮಗಳ ಕುಬಸ ಹತ್ತು ದಿನದಲ್ಲಿತ್ತು. ಬಸುರಿ ಮಗಳಿಗೆ ಉಡಿಸುವ ಹಸಿರು ಸೀರೆ, ಹಸಿರು ಬಳೆ, ಬುತ್ತಿಯ ಖರ್ಚು ಎಲ್ಲವೂ ಆ ದುಡ್ಡಿನಲ್ಲೇ ಆಗಬೇಕು. ಅವಳು ಸೀರೆಯನ್ನು ಅಂಗಡಿಯಲ್ಲಿ ಆರಿಸಿ ಬೇರೆ ಇಡಿಸಿಯೂ ಬಂದಿದ್ದಳು.

"ಅವ್ವಾ, ಬಿಲ್ ನಾ ಮಾಡಿಕೊಡತೇನಿ. ನಿನಗ ಅದೆಲ್ಲ ತಿಳಿಯೂದಿಲ್ಲ, ಬಿಡು," ಎಂದ ನಿಮ್ಮ ಅಪ್ಪ.

ತಿಳಿಯುವುದಿಲ್ಲವೇ? ಗರಗದ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಬಾಯಿಲೆಕ್ಕದಲ್ಲಿ ಮೊದಲನೆಯವಳು ನಾನು! ಇಪ್ಪತ್ತು ಕೌದಿ ಹೊಲಿದವಳಿಗೆ ಒಂದು ಹಾಳೆ ಬರೆಯುವುದು ಏನು ಮಹಾ! "ನಾನ ಮಾಡ್ತೇನಿ," ಎಂದೆ.

ಗೆರೆ ಹೊಡೆದ ಹಾಳೆ ತೆಗೆದುಕೊಂಡು, ಮಾಸ್ತರರು ಕಲಿಸಿದ ಪದ್ಧತಿಯಲ್ಲಿ ಬರೆದೆ. 'ತೀರ್ಥರೂಪ ಸಮಾನರಾದ ಹೋಟೆಲಿನವರಿಗೆ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು. ತರುವಾಯ ಕೌದಿಗಳ ವಿಷಯ.' ಮೊದಲನೆಯ ಬಿಲ್ಲು ಎಂದು ನಾಲ್ಕು ಮೂಲೆಗೆ ಅರಿಷಿಣವನ್ನೂ ಹಚ್ಚಿದೆ. ಫೋಟೊ ತೆಗೆದು ಕಳಿಸಿದೆ.

ಅರ್ಧ ತಾಸಿನಲ್ಲಿ ಫೋನು ಬಂತು.

"ಅಮ್ಮಾರ, ಬಿಲ್ ಎಲ್ಲಿರಿ?"

"ಕಳಿಸೇನಲ್ರಿ."

"ಅದು ಪತ್ರ ಬಂದದರಿ. ಹಾಳಿ ಮ್ಯಾಲ ಸಾರು ಬೇರೆ ಚೆಲ್ಲೇದ."

ಸಾರು! ಅರಿಷಿಣಕ್ಕೆ ಸಾರು ಎನ್ನುವವನು ಯಾರ ಮನೆಯಲ್ಲಿ ಬೆಳೆದನೋ! ಅವನು ನಿಲ್ಲಿಸದೆ ಹೇಳಿದ: "ನಮಗ ಪ್ರೊಫೆಶನಲ್ ಇನ್ವಾಯ್ಸ್ ಬೇಕ್ರಿ. ಮ್ಯಾಲ ನಿಮ್ಮ ಉದ್ಯೋಗದ ಹೆಸರು, ನಂಬರು, ತಾರೀಖು, ಕೆಳಗ ಮೊತ್ತ. ಕ್ಷೇಮಸಮಾಚಾರ ಬ್ಯಾಡ್ರಿ."

ಕ್ಷೇಮ ಕೇಳಿದರೆ ತಪ್ಪೇ? ಇರಲಿ, ನೀನು ಕ್ಷೇಮವಾಗಿಲ್ಲದಿದ್ದರೆ ನನಗೇನು! ಇದನ್ನು ಮನಸ್ಸಿನಲ್ಲಿ ಹೇಳಿದೆ. ಬಾಯಲ್ಲಿ, "ಆಗಲ್ರಿ," ಎಂದೆ.

ಪಲ್ಲವಿ, ಬೇಸಿಗೆ ರಜೆಯಲ್ಲಿ ನೀನು ನನ್ನ ಮೊಬೈಲಿನಲ್ಲಿ ಬಿಲ್ಲು ಮಾಡುವ ಆ್ಯಪ್ ಹಾಕಿಕೊಟ್ಟಿದ್ದೆಯಲ್ಲ, ಅದನ್ನು ತೆರೆದೆ. ಗಂಗವ್ವ ಸಲಹೆಗಾರಳಾಗಿ ಪಕ್ಕದಲ್ಲಿ ಕುಳಿತಳು. ಆ್ಯಪ್ ಮೊದಲು ಕೇಳಿದ್ದು ಲೋಗೊ. ಅದರ ಮೇಲೆ ಬೆರಳಿಟ್ಟದ್ದೇ ತಡ, ಕ್ಯಾಮರಾ ತೆರೆದು ಟಕ್ ಎಂದಿತು. ಬಿಲ್ಲಿನ ತಲೆಯ ಮೇಲೆ ನನ್ನ ಗದ್ದ, ಮೂಗಿನ ಎರಡು ಹೊಳ್ಳೆ, ಹಿಂದೆ ಜಂತಿಯ ಫ್ಯಾನು! ಅಳಿಸಲು ಹೋದಷ್ಟೂ ಅದು ದೊಡ್ಡದಾಯಿತು.

"ಇರಲಿ ಬಿಡ ನೀಲಕ್ಕ," ಎಂದಳು ಗಂಗವ್ವ. "ಮಾಲಕರು ಯಾರು ಅಂತ ಅವ್ರಿಗೂ ತಿಳೀಲಿ."

ಮುಂದೆ ಬಿಲ್ಲಿನ ನಂಬರು. ನಾನು ಒಂದು ಎಂದು ಒತ್ತಿದೆ.

"ಅಯ್ಯ, ಒಂದ ಅಂತ ಯಾರರೆ ಹಾಕ್ತಾರೇನ? ಇವ್ರು ಇವತ್ತs ಅಂಗಡಿ ಇಟ್ಟಾರ ಅಂತ ಚೌಕಾಶಿ ಮಾಡ್ತಾರ. ಐನೂರಾ ಒಂದ ಹಾಕ!"

ಮಂಗಲ ಕಾರ್ಯಕ್ಕೆ ಮುಯ್ಯಿ ಮಾಡಿದಂತೆ ಐನೂರಾ ಒಂದು ಹಾಕಿದೆ. 'ಕೌದಿ, ಇಪ್ಪತ್ತು' ಎಂದು ಒಂದೇ ಸಾಲು ಬರೆದು, ಮೊತ್ತ ಹಾಕಿ ಕಳಿಸಿದೆ.

ಮರುದಿನ ಪ್ರಶಾಂತ. "ಅಮ್ಮಾರ, ಇದಕ್ಕೂ ಹಿಂದಿನ ಐನೂರ ಬಿಲ್ ಯಾರಿಗೆ ಕೊಟ್ರಿ? ನಾಳೆ ಆಡಿಟ್‌ನವರು ಕೇಳಿದ್ರ ನಾ ಏನ ಹೇಳ್ಲಿ?"

ನಾನು ಮೊಬೈಲನ್ನು ಗಂಗವ್ವನ ಕೈಗೆ ಕೊಟ್ಟೆ. ಅವಳು ಅದನ್ನು ನನ್ನ ಕೈಗೆ ಕೊಟ್ಟಳು.

"ಮತ್ತ ಆ ಫೋಟೊ ತಗೀರಿ. ಸಾಹೇಬರು ಅಂಜಿದ್ರು. ಇನ್ನೊಂದು, ಎಲ್ಲಾ ಒಂದs ಸಾಲಿನ್ಯಾಗ ತುರುಕಬ್ಯಾಡ್ರಿ. ಏನೇನು ಕಳಿಸೀರಿ, ಬ್ಯಾರೆ ಬ್ಯಾರೆ ಬರೀರಿ. ಒಂದೂ ಬಿಡಬ್ಯಾಡ್ರಿ."

ಒಂದೂ ಬಿಡಬೇಡಿ. ಮಕ್ಕಳೇ, ಇದು ಅವನ ಬಾಯಿಂದಲೇ ಬಂದ ಮಾತು. ನೆನಪಿಟ್ಟುಕೊಳ್ಳಿ, ನಾಳೆ ನನ್ನ ಮೇಲೆ ತಪ್ಪು ಹೊರಿಸಬೇಡಿ.

ನಮ್ಮ ಮನೆತನದಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದಿಲ್ಲ. ನಡುವೆ ಅಂಗೈ ಅಗಲದ ಒಂದು ಜಾಗವನ್ನು ಕೊನೆಗೆ ಹೊಲಿಯಲು ಬಿಟ್ಟಿರುತ್ತೇವೆ. ಅದರೊಳಗೆ ಉಗುರಿನಷ್ಟು ಒಣಗಿದ ಹೋಳಿಗೆಯ ಚೂರು ಇಟ್ಟು ಹೊಲಿದು ಮುಚ್ಚುತ್ತೇವೆ. ಅದೇ ಕೌದಿಯ ಹೊಟ್ಟೆ. ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಹೋಟೆಲಿಗೆ ಕಳಿಸಿದ ಇಪ್ಪತ್ತಕ್ಕೂ ಹೊಟ್ಟೆ ತುಂಬಿಸಿಯೇ ಕಳಿಸಿದ್ದೆ.

ಆದ್ದರಿಂದ ಮೂರನೆಯ ಬಿಲ್ಲು ಸತ್ಯವಂತರ ಬಿಲ್ಲಾಯಿತು. ಸಣ್ಣ ಕೌದಿ ಹನ್ನೆರಡು. ದೊಡ್ಡ ಕೌದಿ ಎಂಟು. ಹೋಳಿಗೆ ಚೂರು ಇಪ್ಪತ್ತು, ಪುಕ್ಕಟೆ.

"ಅಮ್ಮಾರ, ಈ ಹೋಳಿಗಿ ನಮ್ಮ ಸ್ಟೋರಿಗೆ ಬಂದಿಲ್ಲಂತಲ್ರಿ?"

"ಬಂದಾವ್ರಿ. ಕೌದ್ಯಾಗ ಅದಾವ."

"ಕೌದ್ಯಾಗ?"

"ಹೊಟ್ಟ್ಯಾಗ್ರಿ."

ಅವನು ಸಣ್ಣ ದನಿಯಲ್ಲಿ ಹೇಳಿದ. "ತಿನ್ನೂ ಪದಾರ್ಥ ಬಿಲ್ಲಿನ್ಯಾಗ ಬಂತಂದ್ರ ಲೈಸನ್ಸ್ ನಂಬರ್ ಬೇಕ್ರಿ. ಯಾವತ್ತ ಮಾಡಿದ್ದು, ಎಲ್ಲೀತನಕ ಕೆಡೂದಿಲ್ಲ, ಅದನ್ನೂ ಬರೀಬೇಕ್ರಿ."

"ಅದು ತಿನ್ನಾಕ ಅಲ್ರಿ!"

"ಮತ್ತ ಹೋಳಿಗಿ ಯಾತಕ್ರಿ?"

"ಕೌದಿ ತಿಂತೈತ್ರಿ!"

ಹೀಗೆ ಹೇಳಿದ ಮೇಲೆ ನನಗೇ ಗಾಬರಿಯಾಯಿತು. ಅವನು ಮಾತ್ರ ಬಲು ಮರ್ಯಾದೆಯಿಂದ ಎರಡು ದಾರಿ ತೋರಿಸಿದ: ಬಿಲ್ಲಿನಿಂದ ಆ ಸಾಲು ತೆಗೆಯಬೇಕು, ಇಲ್ಲವೇ ಬಂದು ಕೌದಿಗಳಿಂದ ಹೋಳಿಗೆ ತೆಗೆಯಬೇಕು.

ಇಪ್ಪತ್ತು ಕೌದಿಯ ಹೊಟ್ಟೆ ಸೀಳಬೇಕೇ? ಮೈಯೆಲ್ಲ ಉರಿಯಿತು! ಒಂದೂ ಬಿಡಬೇಡಿ ಎಂದವನು ಇವನೇ, ಬರೆದರೆ ಅಳಿಸಿ ಎನ್ನುವವನೂ ಇವನೇ. ಅಂದು ಶುಕ್ರವಾರ. ಸಂಜೆ ಮೊಬೈಲನ್ನು ಹಿಡಿದು, ಆ ಸಾಲಿನ ಮೇಲೆ ಹೆಬ್ಬೆರಳಿಟ್ಟು, ಅದು ಪ್ರಶಾಂತನ ಮೂಗು ಎಂದೇ ತಿಳಿದು ಒತ್ತಿದೆ. ಸಾಲು ಅಳಿಸಿಹೋಯಿತು, ಸಿಟ್ಟು ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದೆ. ನಂಬರು ಒಂದು ಹಾಕಿದೆ, ನನ್ನ ಮೂಗಿನ ಫೋಟೊವನ್ನು ಹೇಗೋ ಅಳಿಸಿದೆ, ಕನ್ನಡಕವನ್ನು ಎಲ್ಲಿಯೋ ಎಸೆದೆ. ಫೋನಿನ ಮಾತು ಸಾಕು, ಎದುರಿಗೇ ಹೋಗಿ ಮುಖಕ್ಕೆ ಹೇಳಿ ಬರುತ್ತೇನೆ ಎಂದು ನಿರ್ಧರಿಸಿದೆ.

ಶನಿವಾರ ಬೆಳಿಗ್ಗೆ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿ, ಮಡಚಿ ಪರ್ಸಿಗೆ ಹಾಕಿ ಬಸ್ಸಿಗೆ ಹೊರಟೆ. ಗಂಗವ್ವ ಬಸ್ಸಿನ ತನಕ ಬಂದು ಬೋಧಿಸಿದಳು.

"ಅಳಬ್ಯಾಡ ಮತ್ತ. ನಗಬ್ಯಾಡ. ಚಹಾ ಕೊಟ್ರ ಕುಡೀಬ್ಯಾಡ. ಮೊದಲ ಬೈಯಿ, ಆಮ್ಯಾಲ ಕುಂಡ್ರು!"

ಧಾರವಾಡ ಬರುವ ತನಕ ನಾನು ಬೈಗುಳವನ್ನು ಮನಸ್ಸಿನಲ್ಲೇ ಪಾಠ ಮಾಡಿದೆ. ಎಂಥ ಮಾತುಗಳು! ಪಕ್ಕದಲ್ಲಿ ಕುಳಿತ ಹೆಂಗಸು ನನ್ನ ತುಟಿಗಳ ಅಲುಗಾಟ ನೋಡಿ, ಜಪ ಎಂದು ತಿಳಿದು ಕೈಮುಗಿದಳು.

ಹೋಟೆಲಿನ ಹಿಂಭಾಗದ ಕೋಣೆಯಲ್ಲಿ ನಾಲ್ಕು ಮೇಜು. ಒಂದರ ಹಿಂದೆ ಕಡ್ಡಿಯಂಥ ಒಬ್ಬ ಹುಡುಗ ಎದ್ದು ನಿಂತ. "ನಾನ ಪ್ರಶಾಂತ ರಿ. ಬರ್ರಿ ಅಮ್ಮಾರ."

ನಾನು ಎದೆ ಸೆಟೆಸಿದೆ. ಬಾಯಿ ತೆರೆದೆ.

"ಊಟ ಆತೇನ್ರಿ?" ಎಂದೆ.

"ಇನ್ನೂ ಹನ್ನೊಂದ ಗಂಟೆ ರಿ ಅಮ್ಮಾರ," ಎಂದು ಅವನು ಕುರ್ಚಿ ಸರಿಸಿದ. ನಾನು ಕುಳಿತೆ. ಚಹಾ ಬಂತು. ಕುಡಿದೆ. ಅವನು ಬಿಲ್ಲು ನೋಡಿದ. "ಈಗ ಒಂದ ಹದಕ್ಕ ಬಂತ ನೋಡ್ರಿ! ಹೋಳಿಗಿ ಹೋತು, ಬ್ಯಾನಿ ಹೋತು," ಎಂದು ನಕ್ಕ.

ಆ ನಗು! ಕೊಳೆತ ಬದನೆಕಾಯಿಯ ಸಿಟ್ಟೂ ಸೇರಿ ಒಮ್ಮೆಲೇ ಹೊರಗೆ ನುಗ್ಗಿತು.

"ಏನೋ ತಮ್ಮಾ, ಬ್ಯಾನಿ ಅಂತೀಯೇನ? ಕ್ಷೇಮ ಕೇಳಿದ್ರ ಬ್ಯಾಡಂದಿ. ಅರಿಷಿಣಕ್ಕ ಸಾರು ಅಂದಿ. ಎಲ್ಲಾ ಬರಿ ಅಂದಿ, ಬರದ್ರ ಅಳಿಸು ಅಂದಿ! ಮೂರ ತಿಂಗಳ ಬಟ್ಟಿಗೆ ಸೂಜಿ ಚುಚ್ಚಿದ್ದಕ್ಕಿಂತ ಹೆಚ್ಚು ನಮ್ಮ ಬೆರಳಿಗೆ ಚುಚ್ಚಿಕೊಂಡೇವಿ. ಅಲ್ಲೆ ಒಬ್ಬಾಕಿ ಮಗಳ ಕುಬಸಕ್ಕ ಸೀರಿ ಬಿಡಿಸಿಕೊಳ್ಳಾಕ ಕಾಯಾಕತ್ತಾಳ. ನಿನಗ ಒಂದ ಹೋಳಿಗಿ ಚೂರು ಭಾರ ಆತೇನ? ಹಿಂದ ಮುಂದ ನೋಡದ ತಪ್ಪ ಹುಡುಕೂದs ನಿನ್ನ ಕೆಲಸ! ಒಂದ ಸಲನಾರೆ ಕಣ್ಣ ತಗದ ನೆಟ್ಟಗ ಓದೀಯೇನ?"

ನಾಲ್ಕೂ ಮೇಜಿನವರು ಎದ್ದು ನಿಂತಿದ್ದರು. ಬಾಗಿಲಲ್ಲಿ ಅಡುಗೆಯವರು ಸೌಟು ಹಿಡಿದು ನಿಂತಿದ್ದರು. ಮಕ್ಕಳೇ, ಎಂಥ ಸುಖ! ನಿಮ್ಮ ಅಜ್ಜ ನೋಡಬೇಕಿತ್ತು.

ಪ್ರಶಾಂತ ಒಂದು ಲೋಟ ನೀರನ್ನು ನನ್ನ ಕಡೆ ಸರಿಸಿದ.

"ಓದಾಕತ್ತಿದ್ದೆ ರಿ. ಅಷ್ಟರಾಗ ನೀವು ಚಾಲೂ ಮಾಡಿದ್ರಿ. ಅಮ್ಮಾರ, ದೊಡ್ಡ ಕೌದಿ ಎಂಟು ಬಂದಾವ್ರಿ. ಅವು ಬಿಲ್ಲಿನ್ಯಾಗ ಇಲ್ಲ. ಅವೂ ಪುಕ್ಕಟೇನ್ರಿ?"

ಹಾಳೆ ಕಸಿದುಕೊಂಡು ನೋಡಿದೆ. ಸಣ್ಣ ಕೌದಿ ಹನ್ನೆರಡು. ಅದರ ಕೆಳಗೆ ಮೊತ್ತ. ಎರಡನೆಯ ಸಲ ಒತ್ತಿದ ಹೆಬ್ಬೆರಳು ಹೋಳಿಗೆಯ ಹಿಂದೆಯೇ ಎಂಟು ದೊಡ್ಡ ಕೌದಿಗಳನ್ನೂ ಕಳಿಸಿಕೊಟ್ಟಿತ್ತು. ಆ ಎಂಟರ ದುಡ್ಡು ಹೋದರೆ ಗಂಗವ್ವನ ಪಾಲೇ ಇಲ್ಲ! ಇವನು ಸುಮ್ಮನೆ ಸಹಿ ಹಾಕಿದ್ದರೆ ನಾನು "ಉಪಕಾರ ಆತ್ರಿ" ಎಂದು ಹೇಳಿ ಬರುತ್ತಿದ್ದೆ.

ಅಡುಗೆಯವರು ಒಳಗೆ ಹೋದರು. ಸೌಟುಗಳೂ ಹೋದವು.

ಹುಡುಗ ತನ್ನ ಕಂಪ್ಯೂಟರಿನಲ್ಲಿ ನಾಲ್ಕೇ ನಿಮಿಷದಲ್ಲಿ ಬಿಲ್ಲು ಮಾಡಿದ. ನನ್ನಿಂದ ಸಹಿ ಹಾಕಿಸಿಕೊಂಡ. ಸೋಮವಾರ ದುಡ್ಡು ಬಂತು, ಗಂಗವ್ವ ಸೀರೆ ತಂದಳು, ಅದೆಲ್ಲ ಸರಿ. ಆದರೆ ಬಾಗಿಲ ತನಕ ಕಳಿಸಲು ಬಂದವನು ಏನು ಹೇಳಿದ ಗೊತ್ತೇ?

"ಅಮ್ಮಾರ, ಮುಂದಿನ ಸಲ ನೀವು ಕೌದಿ ಅಷ್ಟ ಕಳಸ್ರಿ. ಬಿಲ್ ನಾ ಮಾಡ್ಕೋತೇನ್ರಿ."

ಏಳನೆಯ ಇಯತ್ತೆಯ ಬಾಯಿಲೆಕ್ಕದಲ್ಲಿ ಮೊದಲನೆಯವಳಿಗೆ, ಕಚೇರಿಯವರೆಲ್ಲ ಕೇಳುವಂತೆ ಇಂಥ ಮಾತು! ನಾನು ಏನೆಂದೆ? "ಆಗಲ್ರಿ," ಎಂದೆ.

ಅವನಿಗೆ ಕೊಡಬೇಕಾಗಿದ್ದ ಉತ್ತರ ಮನೆಗೆ ಬಂದು ಅನ್ನಕ್ಕಿಟ್ಟಾಗ ಹೊಳೆಯಿತು. ಬಹಳ ಕಟುವಾದ, ತಿರುಗಿ ಮಾತಾಡಲು ಬಾರದಂಥ ಉತ್ತರ. ಒಂದಕ್ಷರ ಬಿಡದೆ ಅದನ್ನು ಕುಕ್ಕರಿಗೆ ಹೇಳಿದೆ.

ಕುಕ್ಕರು ಸೀಟಿ ಹೊಡೆಯಿತು.